ಬೆನ್ನಿನ ‘ಲಟಕ್’ ಸದ್ದು ಮತ್ತು ಜರುಗದ ಮೂಳೆ

ಪ್ರಶ್ನೆ: ನನಗೆ 43 ವರ್ಷ. ಶಿವಮೊಗ್ಗದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತೇನೆ. ದಿನದ ಬಹುಪಾಲು ಕುರ್ಚಿಯಲ್ಲೇ ಕಳೆಯುತ್ತದೆ. ಐದು ತಿಂಗಳ ಹಿಂದೆ ತುಂಬಿದ ಗ್ಯಾಸ್ ಸಿಲಿಂಡರನ್ನು ಅಡುಗೆಮನೆಗೆ ಎಳೆದುಕೊಂಡು ಹೋಗುವಾಗ ಸೊಂಟ ಹಿಡಿದುಕೊಂಡಿತು. ಎರಡು ವಾರದಲ್ಲಿ ನೋವು ಇಳಿದರೂ ಪೂರ್ತಿ ಹೋಗಲಿಲ್ಲ. ಈಗ ಎಡಗಡೆ ಪೃಷ್ಠದಿಂದ ತೊಡೆಯ ಹಿಂಭಾಗಕ್ಕೆ ಆಗಾಗ ಸೆಳೆತ ಬರುತ್ತದೆ; ಹೆಚ್ಚು ಹೊತ್ತು ಕುಳಿತರೆ ಕಾಲಿನ ಹೆಬ್ಬೆರಳಿನವರೆಗೆ ಜೋಮು ಹಿಡಿಯುತ್ತದೆ. ಎಂ.ಆರ್.ಐ. ವರದಿಯಲ್ಲಿ ಸೊಂಟದ ಎಲ್4–ಎಲ್5 ಡಿಸ್ಕ್ (ಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ, ಎಲ್5–ಎಸ್1 ಡಿಸ್ಕ್ ಸವೆದಿದೆ ಎಂದಿದೆ. ಬೆಂಗಳೂರಿನಲ್ಲಿರುವ ತಂಗಿಯ ಒತ್ತಾಯಕ್ಕೆ ಅಲ್ಲಿನ ಕೈರೋಪ್ರಾಕ್ಟಿಕ್ (ಬೆನ್ನನ್ನು ಕೈಯಿಂದ ಒತ್ತಿ, ತಿರುಚಿ ಮಾಡುವ ಚಿಕಿತ್ಸೆ) ಕೇಂದ್ರವೊಂದಕ್ಕೆ ಹೋದೆ. ಅವರು ಎಕ್ಸ್-ರೇ ನೋಡಿ, ‘ಸೊಂಟದ ಮೂಳೆ ಜರುಗಿದೆ, ಕುತ್ತಿಗೆಯ ಬಾಗು ನೇರವಾಗಿಬಿಟ್ಟಿದೆ, 24 ಸಿಟಿಂಗ್ ಬೇಕು’ ಎಂದರು. ಮೂರು ಸಿಟಿಂಗ್ ಮುಗಿದಿದೆ. ಪ್ರತಿ ಸಲ ಲಟಕ್ ಎಂದ ಮೇಲೆ ಮೈ ಹಗುರಾಗುತ್ತದೆ, ಎರಡು ದಿನಕ್ಕೆ ಮತ್ತೆ ಅದೇ ಕಥೆ. ಕುತ್ತಿಗೆ ನೋವಿಲ್ಲ ಎಂದರೂ ಅದನ್ನೂ ತಿರುಗಿಸುತ್ತಾರೆ. ಮುಂದುವರಿಸಬಹುದೇ? ಬಿಟ್ಟರೆ ಕಾಲಿನ ಸ್ವಾಧೀನ ತಪ್ಪುತ್ತದೆಯೇ? ಸೊಂಟದ ಪಟ್ಟಿ ಕಟ್ಟಿಕೊಳ್ಳಬೇಕೆ, ನೆಲದ ಮೇಲೆ ಮಲಗಬೇಕೆ? 69 ವರ್ಷದ ನನ್ನ ತಾಯಿಗೂ ಬೆನ್ನುನೋವಿದೆ, ಈಚೆಗೆ ಸ್ವಲ್ಪ ಬಾಗಿದ್ದಾರೆ. ಅವರನ್ನೂ ಅಲ್ಲಿಗೆ ಕರೆದುಕೊಂಡು ಹೋಗಲೇ?

ಉತ್ತರ: ಸೊಂಟದ ಮೂಳೆಯೊಂದು ಜಾಗ ಬಿಟ್ಟು ಕದಲಿದೆ, ಅದನ್ನು ಯಾರಾದರೂ ಸರಿಯಾಗಿ ಕೂರಿಸದಿದ್ದರೆ ಇಂದಲ್ಲ ನಾಳೆ ನರ ಜಜ್ಜಿಹೋಗಿ ಕಾಲು ಬಿದ್ದುಹೋಗುತ್ತದೆ ಎಂಬ ಆತಂಕ ನಿಮ್ಮ ಎಲ್ಲ ಪ್ರಶ್ನೆಗಳ ಹಿಂದೆಯೂ ಇದೆ. ಮೂಳೆವೈದ್ಯನಾದ ನನ್ನಲ್ಲಿಗೆ ಬೆನ್ನುನೋವೆಂದು ಬರುವವರಲ್ಲಿ ಬಹಳಷ್ಟು ಮಂದಿ ನೋವಿನ ಜೊತೆಗೆ ಇದೇ ಆತಂಕವನ್ನೂ ಹೊತ್ತು ತಂದಿರುತ್ತಾರೆ. ನೀವು ಬರೆದಿರುವ ಲಕ್ಷಣಗಳಲ್ಲಿ ಅಂಥ ಅಪಾಯದ ಸುಳಿವು ಕಾಣುತ್ತಿಲ್ಲ. ಆದರೆ ಪತ್ರ ಓದಿ ಹೇಳುವ ಮಾತಿಗೆ ಒಂದು ಮಿತಿಯಿದೆ. ಆದ್ದರಿಂದ ಯಾವುದು ನಿಜವಾದ ಅಪಾಯ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಮೂತ್ರ ಕಟ್ಟಿಕೊಳ್ಳುವುದು ಅಥವಾ ತಿಳಿಯದೆಯೇ ಹೋಗಿಬಿಡುವುದು, ಮಲವಿಸರ್ಜನೆಯ ಹಿಡಿತ ತಪ್ಪುವುದು, ಗುದದ್ವಾರ ಮತ್ತು ಜನನಾಂಗದ ಸುತ್ತ ಸ್ಪರ್ಶ ಮಂಕಾಗುವುದು, ಎರಡೂ ಕಾಲುಗಳಲ್ಲಿ ಬಲ ಕುಂದುವುದು — ಇವುಗಳಲ್ಲಿ ಯಾವುದೊಂದು ಕಂಡರೂ ಅದು ಅಂದೇ ಆಸ್ಪತ್ರೆಗೆ ಹೋಗಬೇಕಾದ ತುರ್ತು. ಬೆನ್ನುಹುರಿ ಮುಗಿಯುವಲ್ಲಿ ಕೆಳಗಿಳಿಯುವ ನರಗಳ ಗೊಂಚಲು ಒತ್ತಿಹೋದಾಗ ಹೀಗಾಗುತ್ತದೆ. ಶಸ್ತ್ರಚಿಕಿತ್ಸೆ ಒಂದೆರಡು ದಿನ ತಡವಾದರೂ ಹಾನಿ ಶಾಶ್ವತವಾಗಿ ಉಳಿಯಬಹುದು. ಪಾದವನ್ನು ಮೇಲೆತ್ತಲಾಗದೆ ಚಪ್ಪಲಿ ಜಾರಿಹೋಗುತ್ತಿದ್ದರೂ ತಡಮಾಡಬಾರದು. ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ, ತುದಿಗಾಲಿನ ಮೇಲೆ ಹತ್ತು ಹೆಜ್ಜೆ ನಡೆದು ನೋಡಿ: ಎರಡೂ ಕಾಲು ಸಮನಾಗಿ ಬಲ ಕೊಡುತ್ತಿದ್ದರೆ ಸದ್ಯಕ್ಕೆ ಧೈರ್ಯವಾಗಿರಬಹುದು. ಇನ್ನು ಸಂಜೆಯ ಹೊತ್ತು ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನು ನೆನಪಿಡಲೇಬೇಕು. ಅಂಥ ಬೆನ್ನನ್ನು ಯಾರೂ ಒತ್ತಬಾರದು, ತಿರುಚಬಾರದು.

ಈಗ ಜರುಗಿದ ಮೂಳೆಯ ವಿಚಾರ. ಕೈರೋಪ್ರಾಕ್ಟಿಕ್ ಪದ್ಧತಿ ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಎಂಬ ಊರಿನಲ್ಲಿ, 1895ರಲ್ಲಿ. ಅದನ್ನು ಆರಂಭಿಸಿದ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಅದಕ್ಕೂ ಮೊದಲು ಕೈಯಿಂದ ಕಾಂತಶಕ್ತಿ ಹರಿಸಿ ರೋಗ ವಾಸಿಮಾಡುತ್ತೇನೆಂದು ಹೇಳಿಕೊಳ್ಳುತ್ತಿದ್ದ. ತಾನಿದ್ದ ಕಟ್ಟಡದ ಕೆಲಸಗಾರನೊಬ್ಬನ ಬೆನ್ನಿನ ಮೂಳೆಯನ್ನು ಒತ್ತಿ ಕೂರಿಸಿದಾಗ ಆತನ ಕಿವುಡುತನ ಹೋಯಿತು ಎಂಬುದು ಆ ಪದ್ಧತಿಯ ಮೂಲಕಥೆ. ಕೇಳುವ ನರ ತಲೆಬುರುಡೆಯೊಳಗೇ ಇರುತ್ತದೆ, ಬೆನ್ನಿನ ಮೂಲಕ ಹಾದುಹೋಗುವುದೇ ಇಲ್ಲ ಎಂಬುದನ್ನು ಬಲ್ಲವರಿಗೆ ಈ ಕಥೆ ವಿಚಿತ್ರವೆನಿಸದೆ ಇರದು. ಬೆನ್ನೆಲುಬಿನ ಬಿಡಿ ಮೂಳೆಗಳಾದ ಕಶೇರುಗಳು ಸ್ವಲ್ಪ ಸ್ವಲ್ಪ ಜರುಗಿ ನರಗಳನ್ನು ಒತ್ತುವುದರಿಂದಲೇ ಬಹುತೇಕ ರೋಗಗಳು ಬರುತ್ತವೆ ಎಂದು ಪಾಮರ್ ಸಾರಿದ. ಇಂದು ಆ ವೃತ್ತಿಯಲ್ಲೇ ಇರುವ ಅನೇಕರು ಆ ಸಿದ್ಧಾಂತವನ್ನು ಬಿಟ್ಟು, ಬೆನ್ನು ಮತ್ತು ಕೀಲು ನೋವುಗಳಿಗಷ್ಟೇ ತಮ್ಮ ಕೆಲಸವನ್ನು ಸೀಮಿತಗೊಳಿಸಿಕೊಂಡಿದ್ದಾರೆ. ಉಳಿದವರು ಎಕ್ಸ್-ರೇ ತೋರಿಸಿ ಇಂದಿಗೂ ಅದನ್ನೇ ಹೇಳುತ್ತಾರೆ. ನೀವು ಭೇಟಿಯಾದದ್ದು ಎರಡನೆಯ ಬಗೆಯವರನ್ನು ಎಂದು ತೋರುತ್ತದೆ.

ಸೊಂಟದ ಕಶೇರುಗಳನ್ನು ಗಟ್ಟಿ ಅಸ್ಥಿರಜ್ಜುಗಳು, ಡಿಸ್ಕುಗಳು, ಹಲವು ಪದರಗಳ ಸ್ನಾಯುಗಳು ಬಿಗಿದು ಹಿಡಿದಿರುತ್ತವೆ. ಸಿಲಿಂಡರ್ ಎಳೆದಷ್ಟಕ್ಕೆ ಅವು ಜಾಗ ಬಿಡುವುದಿಲ್ಲ; ಬಿಟ್ಟಿದ್ದರೆ ಕೈಯಿಂದ ಒತ್ತಿದಷ್ಟಕ್ಕೆ ಮರಳುವುದೂ ಇಲ್ಲ. ಒಂದು ಕಶೇರು ಇನ್ನೊಂದರ ಮೇಲಿಂದ ಮುಂದಕ್ಕೆ ಸರಿಯುವ ಸ್ಥಿತಿಯೊಂದು ನಿಜಕ್ಕೂ ಇದೆ, ಅದಕ್ಕೆ ಸ್ಪಾಂಡಿಲೋಲಿಸ್ತೆಸಿಸ್ ಎನ್ನುತ್ತಾರೆ. ಅದಿದ್ದರೆ ನಿಮ್ಮ ಎಂ.ಆರ್.ಐ. ವರದಿಯಲ್ಲಿ ಬರೆದಿರುತ್ತಿದ್ದರು, ಅದನ್ನು ಕೂಡ ಯಾವ ಕೈಚಳಕವೂ ಹಿಂದಕ್ಕೆ ತಳ್ಳಲಾರದು. ಕುತ್ತಿಗೆಯ ಬಾಗು ನೇರವಾಗಿದೆ ಎಂಬ ಮಾತಿನಿಂದಲೂ ಗಾಬರಿಯಾಗಬೇಡಿ. ನೋವಿನ ಲವಲೇಶವೂ ಇಲ್ಲದ ಎಷ್ಟೋ ಜನರ ಎಕ್ಸ್-ರೇಯಲ್ಲಿ ಹಾಗೆ ಕಾಣುತ್ತದೆ. ಚಿತ್ರ ತೆಗೆಯುವಾಗ ಗದ್ದವನ್ನು ತುಸು ಕೆಳಗೆ ಮಾಡಿ ನಿಂತರೂ ಸಾಕು.

ಹಾಗಾದರೆ ಆ ಸದ್ದು ಎಲ್ಲಿಂದ ಬಂತು? ಕಶೇರುಗಳ ಹಿಂಭಾಗದಲ್ಲಿರುವ ಚಿಕ್ಕ ಕೀಲುಗಳೊಳಗೆ ಜಿಗುಟಾದ ದ್ರವವಿರುತ್ತದೆ. ಕೀಲಿನ ಎರಡು ಮೈಗಳನ್ನು ಥಟ್ಟನೆ ಅಗಲಿಸಿದಾಗ ಒಳಗಿನ ಒತ್ತಡ ಕುಸಿದು ಅನಿಲದ ಗುಳ್ಳೆಯೊಂದು ಉಂಟಾಗುತ್ತದೆ, ಸದ್ದು ಅದರದು. ಒದ್ದೆ ಕಲ್ಲುಚಪ್ಪಡಿಗೆ ಕಚ್ಚಿಕೊಂಡ ಒದ್ದೆ ಸ್ಟೀಲ್ ತಟ್ಟೆಯನ್ನು ಒಮ್ಮೆಲೇ ಕಿತ್ತೆತ್ತಿದಾಗ ಬರುವ ಸದ್ದನ್ನು ನೆನಪಿಸಿಕೊಳ್ಳಿ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ಬೆರಳಿನ ಗೆಣ್ಣು ನೆಟಿಗೆ ಬೀಳುವುದನ್ನು ಎಂ.ಆರ್.ಐ. ಯಂತ್ರದೊಳಗೆ ಚಿತ್ರೀಕರಿಸಿ, ಸದ್ದಾಗುವ ಕ್ಷಣದಲ್ಲಿ ಕೀಲಿನೊಳಗೆ ಖಾಲಿ ಜಾಗ ಮೂಡುವುದನ್ನು ತೋರಿಸಿದರು. ಅಂದರೆ ಬೆನ್ನಿನ ಲಟಕ್ ಬೆರಳಿನ ನೆಟಿಗೆಗಿಂತ ಬೇರೆಯಲ್ಲ. ಸದ್ದು ಎಷ್ಟೋ ಸಲ ಚಿಕಿತ್ಸಕರು ಗುರಿಯಿಟ್ಟ ಕೀಲನ್ನು ಬಿಟ್ಟು ಪಕ್ಕದ ಕೀಲುಗಳಿಂದ ಬರುತ್ತದೆ ಎಂಬುದೂ, ಸದ್ದು ಬಂದವರಿಗೂ ಬಾರದವರಿಗೂ ಸಿಗುವ ಉಪಶಮನ ಹೆಚ್ಚುಕಡಿಮೆ ಒಂದೇ ಎಂಬುದೂ ಅಧ್ಯಯನಗಳಲ್ಲಿ ಕಂಡುಬಂದಿದೆ. ಮೈಕ್ ಹಚ್ಚಿ ಆ ಸದ್ದನ್ನು ದೊಡ್ಡದಾಗಿ ಕೇಳಿಸುವ ವಿಡಿಯೋಗಳು ಕೋಟಿಗಟ್ಟಲೆ ಜನರನ್ನು ತಲುಪುತ್ತಿವೆ. ನೋಡುವುದಕ್ಕೆ ಅವು ರಂಜನೀಯವಾಗಿರುವುದು ಹೌದು.

ಆದರೆ ನಿಮಗೆ ಸಿಕ್ಕ ಹಗುರ ಭ್ರಮೆಯಲ್ಲ. ಕೀಲನ್ನು ಹಾಗೆ ಎಳೆದಾಗ ಸುತ್ತಲಿನ ಬಿಗಿದ ಸ್ನಾಯು ಸ್ವಲ್ಪ ಹೊತ್ತು ಸಡಿಲಗೊಳ್ಳುತ್ತದೆ, ನೋವಿನ ಸಂಕೇತ ಕೆಲಕಾಲ ತಗ್ಗುತ್ತದೆ. ಒಬ್ಬರು ಗಮನವಿಟ್ಟು ಮುಟ್ಟಿ, ಮಾತಾಡಿಸಿ, ಭರವಸೆ ಕೊಟ್ಟರೆ ಬರುವ ನಿರಾಳವೂ ಅದರಲ್ಲಿ ಸೇರಿದೆ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ, ಸೊಂಟನೋವಿಗೆ ಔಷಧಿಗಿಂತ ಮೊದಲು ಪ್ರಯತ್ನಿಸಬಹುದಾದ ಉಪಾಯಗಳ ನಡುವೆ ಬೆನ್ನಿನ ಹಸ್ತಚಿಕಿತ್ಸೆಯನ್ನೂ ಸೇರಿಸಿತು, ಆದರೆ ಅದರ ಪರವಾಗಿರುವ ಪುರಾವೆ ದುರ್ಬಲ ಎಂದೂ ಹೇಳಿತು. ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿಯಂತೆ ವ್ಯಾಯಾಮದ ಜೊತೆಗಿದ್ದರೆ ಮಾತ್ರ ಅದನ್ನು ಕೊಡಬಹುದು, ಅದೊಂದನ್ನೇ ಕೊಡಬಾರದು. ವಿಶ್ವ ಆರೋಗ್ಯ ಸಂಸ್ಥೆ 2023ರ ಕೊನೆಗೆ ಹೊರಡಿಸಿದ ದೀರ್ಘಕಾಲದ ಸೊಂಟನೋವಿನ ಮಾರ್ಗಸೂಚಿಯಲ್ಲೂ ಅದು ವ್ಯಾಯಾಮ, ತಿಳಿವಳಿಕೆ, ಮಸಾಜ್‌ಗಳ ಸಾಲಿನಲ್ಲಿ ಒಂದಾಗಿ ಬರುತ್ತದೆ. ಹೀಗಾಗಿ ಕೈರೋಪ್ರಾಕ್ಟಿಕ್ ಶುದ್ಧ ಮೋಸವೆಂದು ನಾನು ಹೇಳಲಾರೆ. ಎರಡು ದಿನದ ಉಪಶಮನ ಕೊಡುವ ಸಾಧನ ಅದು. ಆ ಎರಡು ದಿನವನ್ನು ನೀವು ಏನು ಮಾಡುತ್ತೀರಿ ಎಂಬುದರ ಮೇಲೆ ನಿಮ್ಮ ಬೆನ್ನಿನ ಮುಂದಿನ ಗತಿ ನಿಂತಿದೆ, ಮತ್ತು 24 ಸಿಟಿಂಗ್‌ಗಳ ಆ ಯೋಜನೆಯಲ್ಲಿ ಇದರ ಪ್ರಸ್ತಾಪವೇ ಇದ್ದಂತಿಲ್ಲ.

ಎಂ.ಆರ್.ಐ. ವರದಿಯ ಭಾಷೆ ರೋಗಿಯನ್ನು ನೋವಿಗಿಂತ ಹೆಚ್ಚು ಕುಗ್ಗಿಸುತ್ತದೆ. ಬೆನ್ನುನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, 40ರ ವಯಸ್ಸಿನವರಲ್ಲಿ ಶೇ 68ರಷ್ಟು ಮಂದಿಗೆ ಡಿಸ್ಕ್ ಸವೆತವೂ ಶೇ 50ರಷ್ಟು ಮಂದಿಗೆ ಡಿಸ್ಕ್ ಉಬ್ಬುವಿಕೆಯೂ ಇದ್ದವು. 20ರ ಹರೆಯದವರಲ್ಲೂ ಶೇ 30ರಷ್ಟು ಜನರ ಡಿಸ್ಕ್ ಉಬ್ಬಿತ್ತು. ನಿಮ್ಮ ಪಕ್ಕದ ಕೌಂಟರಿನಲ್ಲಿ ಆರಾಮವಾಗಿ ಕುಳಿತಿರುವ ಸಹೋದ್ಯೋಗಿಯನ್ನು ಸ್ಕ್ಯಾನ್ ಮಾಡಿಸಿದರೂ ಇಂಥದೇ ವರದಿ ಬರುವ ಸಾಧ್ಯತೆ ಸಾಕಷ್ಟಿದೆ. ನಿಮ್ಮ ಹೆಬ್ಬೆರಳಿನ ಜೋಮು ಮಾತ್ರ ಎಲ್5 ನರದ ಹಾದಿಗೆ ಹೊಂದುತ್ತದೆ, ಆದ್ದರಿಂದ ಎಲ್4–ಎಲ್5ರ ಬಳಿ ಆ ನರ ಕೆರಳಿರುವುದು ಸಂಭವನೀಯ. ಹೀಗೆ ಕೆರಳುವುದರಲ್ಲಿ ಒತ್ತಡದಷ್ಟೇ ಪಾಲು ಡಿಸ್ಕಿನ ಸುತ್ತ ಉಂಟಾಗುವ ಉರಿಯೂತದ್ದು. ಉರಿಯೂತ ಕಾಲಕ್ರಮದಲ್ಲಿ ಇಳಿಯುತ್ತದೆ. ಡಿಸ್ಕಿನಿಂದ ಹೊರಚಾಚಿದ ತುಣುಕನ್ನೂ ದೇಹವೇ ಎಷ್ಟೋ ಸಲ ಕರಗಿಸಿಕೊಳ್ಳುತ್ತದೆ, ಅದರಲ್ಲೂ ದೊಡ್ಡ ತುಣುಕುಗಳು ಹೆಚ್ಚು ಕರಗುತ್ತವೆ.

ಐದು ತಿಂಗಳಾದರೂ ನೋವು ಬಿಡದಿರಲು ಕಾರಣ ಬಹುಶಃ ಮೊದಲ ದಿನದ ಪೆಟ್ಟಲ್ಲ. ನೋವಾದೀತೆಂದು ಬಗ್ಗದೆ, ಭಾರ ಎತ್ತದೆ, ನಡಿಗೆ ಕಡಿಮೆ ಮಾಡಿ ಬೆನ್ನನ್ನು ಕಾಪಾಡಿಕೊಳ್ಳುತ್ತ ಬಂದರೆ ಸ್ನಾಯುಗಳ ಕಸುವು ಕುಗ್ಗುತ್ತದೆ, ನರಮಂಡಲವೂ ಸಣ್ಣ ಅಲುಗಾಟಕ್ಕೇ ಎಚ್ಚರಿಕೆ ಕೊಡುವಷ್ಟು ಸೂಕ್ಷ್ಮವಾಗುತ್ತದೆ. ಇದಕ್ಕೆ ದಿನವಿಡೀ ಕುಳಿತ ಕೆಲಸ, ನಿದ್ರೆ ಕಡಿಮೆಯಾಗುವುದು, ಕಾಲು ಬಿದ್ದುಹೋಗುವುದೆಂಬ ಭಯ ಸೇರಿದರೆ ನೋವು ತಾನಾಗಿ ಮುಂದುವರಿಯುತ್ತದೆ. ‘ನಿಮ್ಮ ಮೂಳೆ ಜರುಗಿದೆ’ ಎಂದು ಯಾರಾದರೂ ಹೇಳುವುದರಿಂದ ಆಗುವ ದೊಡ್ಡ ಕೆಡುಕೆಂದರೆ ಇದೇ: ಆ ಮಾತು ಕೇಳಿದ ಮೇಲೆ ಬಗ್ಗುವ ಧೈರ್ಯ ಯಾರಿಗೂ ಉಳಿಯುವುದಿಲ್ಲ.

ಅಪಾಯಗಳ ವಿಚಾರಕ್ಕೆ ಬಂದರೆ, ಕುತ್ತಿಗೆ ತಿರುಚುವುದನ್ನು ಇಂದೇ ನಿಲ್ಲಿಸಿ. ಕುತ್ತಿಗೆಯ ಕಶೇರುಗಳ ರಂಧ್ರಗಳ ಮೂಲಕ ಮೆದುಳಿಗೆ ರಕ್ತ ಒಯ್ಯುವ ಎರಡು ಧಮನಿಗಳು ಮೇಲೇರುತ್ತವೆ. ವೇಗವಾಗಿ ತಿರುಚಿದಾಗ ಆ ಧಮನಿಯ ಒಳಪದರ ಸೀಳಿ, ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಆದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಕೆಲವರಲ್ಲಿ ಧಮನಿ ಮೊದಲೇ ಸೀಳಿ, ಅದರ ನೋವಿಗೆಂದೇ ಅವರು ಕುತ್ತಿಗೆ ತಿರುಗಿಸಿಕೊಳ್ಳಲು ಹೋಗಿರಬಹುದು ಎಂಬ ವಾದವೂ ಇದೆ, ಹಾಗಾಗಿ ಕಾರಣ ಯಾವುದೆಂಬ ಚರ್ಚೆ ಮುಗಿದಿಲ್ಲ. ಇದು ಅತಿ ವಿರಳ ನಿಜ. ಆದರೆ ನೋವೇ ಇಲ್ಲದ ಕುತ್ತಿಗೆಗೆ ಅದರಿಂದ ಬರುವ ಲಾಭ ಸೊನ್ನೆಯಾಗಿರುವಾಗ ವಿರಳ ಅಪಾಯವನ್ನಾದರೂ ಏಕೆ ಹೊರಬೇಕು? ಕ್ಷೌರದಂಗಡಿಯಲ್ಲಿ ತಲೆ ಹಿಡಿದು ಲಟಕ್ ಎನ್ನಿಸುವುದಕ್ಕೂ, ತಲೆಗೆ ಪಟ್ಟಿ ಸಿಕ್ಕಿಸಿ ರಭಸದಿಂದ ಜಗ್ಗುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸೊಂಟದಲ್ಲಿ ಅಪಾಯ ಇನ್ನೂ ಕಡಿಮೆ. ಒಂದೆರಡು ದಿನ ಮೈಕೈ ನೋವು ಹೆಚ್ಚುವುದು ಸಾಮಾನ್ಯ. ಕಾಲಿನ ಜೋಮು ಹೆಚ್ಚಿದರೆ ಅಥವಾ ಬಲ ಕುಂದಿದರೆ ಮಾತ್ರ ಮತ್ತೆ ಆ ಮೇಜಿನ ಮೇಲೆ ಮಲಗಬಾರದು.

ಚಿಕಿತ್ಸೆ ಮಾಡುವವರು ಯಾರು ಎಂಬುದೂ ಮುಖ್ಯ. ಬ್ರಿಟನ್ನಿನಲ್ಲಿ 1994ರ ಕಾಯ್ದೆಯಡಿ ಕೈರೋಪ್ರಾಕ್ಟರುಗಳಿಗೆ ನೋಂದಣಿ ಕಡ್ಡಾಯ. ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಅವರಿಗೆ ಪರವಾನಗಿ ಬೇಕು. ನಮ್ಮಲ್ಲಿ ಈ ವೃತ್ತಿಗೆ ಪ್ರತ್ಯೇಕ ಶಾಸನಬದ್ಧ ಪರಿಷತ್ತು ಇಲ್ಲದ್ದರಿಂದ ವಿದೇಶದಲ್ಲಿ ವರ್ಷಗಟ್ಟಲೆ ಓದಿ ಬಂದವರೂ ಕೆಲವೇ ದಿನಗಳ ತರಬೇತಿ ಪಡೆದವರೂ ಒಂದೇ ಬಗೆಯ ಫಲಕ ಹಾಕಿಕೊಳ್ಳಬಹುದು. ಫಿಸಿಯೋಥೆರಪಿ ಮಾತ್ರ 2021ರ ಕೇಂದ್ರ ಕಾಯ್ದೆಯ ವ್ಯಾಪ್ತಿಗೆ ಬಂದಿದೆ, ಮತ್ತು ಅನುಭವಿ ಫಿಸಿಯೋಥೆರಪಿಸ್ಟರಲ್ಲಿ ಅನೇಕರು ಇಂಥದೇ ಹಸ್ತಚಿಕಿತ್ಸೆಯನ್ನು ಬಲ್ಲರು. ನಿಮ್ಮೂರಿನಲ್ಲೇ ಅಂಥವರು ಸಿಗುವಾಗ ಪ್ರತಿ ಸಿಟಿಂಗ್‌ಗೆ ಆರೇಳು ಗಂಟೆ ಬಸ್ಸಿನಲ್ಲಿ ಕುಳಿತು ಬೆಂಗಳೂರಿಗೆ ಹೋಗುವುದು ನಿಮ್ಮ ಬೆನ್ನಿಗೆ ನೀವೇ ಕೊಡುವ ಶಿಕ್ಷೆ. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟ ತುಳಿಸಿಕೊಂಡರೆ ಉಳುಕು ಬಿಡುತ್ತದೆ ಎಂದು ನಂಬುವವರು ನಮ್ಮ ನಡುವೆ ಇನ್ನೂ ಇದ್ದಾರೆ. ಬಹುತೇಕ ಉಳುಕು ಕೆಲವು ವಾರಗಳಲ್ಲಿ ತಾನೇ ಬಿಡುತ್ತದೆಯಾದ್ದರಿಂದ ತುಳಿದವರಿಗೂ ತಿರುಚಿದವರಿಗೂ ಕೀರ್ತಿ ಸುಲಭವಾಗಿ ದಕ್ಕುತ್ತದೆ. ನಮ್ಮಂಥ ವೈದ್ಯರಿಗೂ ಅಷ್ಟೇ ಎನ್ನಿ.

ನಿಮಗೆ ನಾನು ಸೂಚಿಸುವ ಹಾದಿ ನಡಿಗೆಯಿಂದ ಶುರುವಾಗುತ್ತದೆ. 2024ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಸೊಂಟನೋವಿನಿಂದ ಚೇತರಿಸಿಕೊಂಡಿದ್ದ 701 ಜನರಲ್ಲಿ ಒಂದು ಗುಂಪಿಗೆ ವಾರಕ್ಕೆ ಐದು ದಿನ, ಕ್ರಮೇಣ ಅರ್ಧ ಗಂಟೆಯವರೆಗೆ ನಡೆಯುವುದನ್ನು ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ರೂಢಿ ಮಾಡಿಸಿದರು. ನೋವು ಮರುಕಳಿಸುವ ಮುನ್ನ ಅವರಿಗೆ ಸಿಕ್ಕ ನಡುವಣ ಅವಧಿ 208 ದಿನ; ನಡಿಗೆಯ ಮಾರ್ಗದರ್ಶನವಿಲ್ಲದವರಿಗೆ 112 ದಿನ. ಇದಕ್ಕಿಂತ ಅಗ್ಗದ ಚಿಕಿತ್ಸೆ ನನಗೆ ಗೊತ್ತಿಲ್ಲ. ನೀವು ಹತ್ತು ನಿಮಿಷದಿಂದ ಆರಂಭಿಸಿ, ವಾರಕ್ಕೆ ಎರಡು ಮೂರು ನಿಮಿಷ ಹೆಚ್ಚಿಸಿ. ನಡೆಯುವಾಗ ನೋವು ತುಸು ಏರಿ ಮರುದಿನಕ್ಕೆ ಇಳಿದರೆ ಅದು ಹಾನಿಯ ಲಕ್ಷಣವಲ್ಲ. ಜೋಮು ಪಾದದಿಂದ ಮೇಲಕ್ಕೆ, ಸೊಂಟದ ಕಡೆಗೆ ಹಿಂದೆ ಸರಿಯುತ್ತಿದ್ದರೆ ಸೊಂಟನೋವು ಕೊಂಚ ಹೆಚ್ಚಾದಂತೆ ತೋರಿದರೂ ಅದು ಒಳ್ಳೆಯ ಸೂಚನೆ. ಕೆಳಗಿಳಿಯುತ್ತಿದ್ದರೆ ಆ ದಿನದ ವ್ಯಾಯಾಮವನ್ನು ಕಡಿಮೆ ಮಾಡಿ.

ಜೊತೆಗೆ ಮೂರು ವ್ಯಾಯಾಮಗಳು ಸಾಕು: ಬೋರಲು ಮಲಗಿ ಮೊಣಕೈಗಳ ಮೇಲೆ ಎದೆಯನ್ನಷ್ಟೇ ಎತ್ತುವುದು, ಅಂಬೆಗಾಲಿನ ಭಂಗಿಯಲ್ಲಿ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚಿ ಹಿಡಿಯುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟವನ್ನು ಸೇತುವೆಯಂತೆ ಎತ್ತುವುದು. ಒಮ್ಮೆ ಫಿಸಿಯೋಥೆರಪಿಸ್ಟರ ಎದುರು ಮಾಡಿ ತೋರಿಸಿ, ಮುಂದೆ ಮನೆಯಲ್ಲೇ ಮಾಡಿಕೊಳ್ಳಿ. ರಾತ್ರಿಯಿಡೀ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬಿರುವುದರಿಂದ ಎದ್ದ ಮೊದಲ ಒಂದು ಗಂಟೆ ಆಳವಾಗಿ ಬಾಗುವ ಕೆಲಸ ಬೇಡ: ನೆಲ ಒರೆಸುವುದು, ಬಿಂದಿಗೆ ಎತ್ತುವುದು, ರಂಗೋಲಿ ಹಾಕುವುದು ಸ್ವಲ್ಪ ತಡವಾಗಲಿ. ಕೌಂಟರಿನಲ್ಲಿ ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಸರಿಯಾದ ಭಂಗಿಯಲ್ಲಿ ಕಲ್ಲಿನಂತೆ ಕೂರುವುದಕ್ಕಿಂತ ಭಂಗಿ ಬದಲಿಸುತ್ತಿರುವುದು ಮೇಲು. ತುಂಬಿದ ಗ್ಯಾಸ್ ಸಿಲಿಂಡರಿನ ಒಟ್ಟು ತೂಕ 30 ಕಿಲೋ ಆಸುಪಾಸು. ಅದಕ್ಕೆ ಗಾಲಿಯ ಸ್ಟ್ಯಾಂಡ್ ತನ್ನಿ. ಆದರೆ ಆರು ತಿಂಗಳ ನಂತರವೂ ಏನನ್ನೂ ಎತ್ತದೆ ಉಳಿಯಬೇಡಿ.

ಸೊಂಟದ ಪಟ್ಟಿಯನ್ನು ಮೇಲೆ ಹೇಳಿದ 2016 ಮತ್ತು 2023ರ ಮಾರ್ಗಸೂಚಿಗಳೆರಡೂ ಬೇಡವೆನ್ನುತ್ತವೆ, ನೇತುಹಾಕಿ ಜಗ್ಗುವ ಟ್ರ್ಯಾಕ್ಷನ್ನನ್ನು ಕೂಡ. ನೆಲದ ಮೇಲೆ ಮಲಗುವ ಕಷ್ಟವೂ ಬೇಡ: 313 ರೋಗಿಗಳ ಮೇಲೆ ಸ್ಪೇನಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ನೋವು ಹೆಚ್ಚು ಇಳಿಯಿತು. ಬಿಸಿನೀರಿನ ಶಾಖ, ಮನೆಯ ಎಣ್ಣೆ ನೀವುವಿಕೆ ಹಿತವೆನಿಸಿದರೆ ಮಾಡಿಕೊಳ್ಳಿ. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ಕೆಲವು ದಿನ ತೆಗೆದುಕೊಳ್ಳಬಹುದು. ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೊಟ್ಟೆಹುಣ್ಣಿನ ತೊಂದರೆಯಿದ್ದರೆ ಕೇಳದೆ ನುಂಗಬೇಡಿ. ಇಷ್ಟನ್ನು ಎರಡು ತಿಂಗಳು ಪಾಲಿಸಿದರೂ ಕಾಲಿನ ಸೆಳೆತ ಬದುಕನ್ನು ಕಟ್ಟಿಹಾಕುವಂತಿದ್ದರೆ ನರದ ಬಳಿ ಕೊಡುವ ಚುಚ್ಚುಮದ್ದು, ಕೊನೆಗೆ ಶಸ್ತ್ರಚಿಕಿತ್ಸೆ ಚರ್ಚೆಗೆ ಬರುತ್ತವೆ. ಕಾಲುನೋವಿಗೆ ಶಸ್ತ್ರಚಿಕಿತ್ಸೆ ಬೇಗ ಆರಾಮ ಕೊಡುತ್ತದೆ. ಬರೀ ಸೊಂಟನೋವಿಗೆ ಅದರ ಪ್ರಯೋಜನ ಅನಿಶ್ಚಿತ. ನೀವು ಸದ್ಯ ಅದರ ಹತ್ತಿರವೂ ಇಲ್ಲ.

ಹಸ್ತಚಿಕಿತ್ಸೆ ನಿಮಗೆ ಹಿತವೆನಿಸಿದ್ದರೆ ಸೊಂಟಕ್ಕೆ ಮಾತ್ರ, ಇನ್ನೂ ಮೂರ್ನಾಲ್ಕು ಸಲ, ವ್ಯಾಯಾಮ ಹೇಳಿಕೊಡುವವರಲ್ಲಿ ಮಾಡಿಸಿಕೊಳ್ಳಿ. ಅಷ್ಟರಲ್ಲಿ ನಡಿಗೆಯ ಹೊತ್ತು ಹೆಚ್ಚದಿದ್ದರೆ ಇಪ್ಪತ್ತು ಸಲ ಮಾಡಿಸಿಕೊಂಡರೂ ಹೆಚ್ಚಲಾರದು. ಮುಂಗಡವಾಗಿ ಹಣ ಕಟ್ಟಿದ್ದರೆ ಉಳಿದ ಮೊತ್ತವನ್ನು ಕೇಳಿ ನೋಡಿ. ಹಣ ಹೋಗುತ್ತದೆಂಬ ಒಂದೇ ಕಾರಣಕ್ಕೆ ಮುಂದುವರಿಸಬೇಡಿ.

ನಿಮ್ಮ ತಾಯಿಯ ವಿಚಾರದಲ್ಲಿ ನನ್ನ ಉತ್ತರ ಖಚಿತವಾಗಿದೆ: ಕರೆದುಕೊಂಡು ಹೋಗಬೇಡಿ. ಮುಟ್ಟು ನಿಂತ ನಂತರ ಮೂಳೆ ಟೊಳ್ಳಾಗುವ ವೇಗ ಹೆಚ್ಚುತ್ತದೆ, ಮತ್ತು ಟೊಳ್ಳಾದ ಕಶೇರು ಬೀಳದೆಯೇ, ಬಕೆಟ್ ಎತ್ತಿದಾಗಲೋ ಜೋರಾಗಿ ಕೆಮ್ಮಿದಾಗಲೋ ಕುಸಿಯಬಹುದು. 69ರಲ್ಲಿ ಹೊಸದಾಗಿ ಬೆನ್ನು ಬಾಗುತ್ತಿದೆಯೆಂದರೆ ನನಗೆ ಮೊದಲು ಹೊಳೆಯುವುದು ಅದೇ. ಅವರ ಎತ್ತರ ಅಳೆಯಿರಿ. ಹರೆಯದ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರಿಗೂ ಹೆಚ್ಚು ಕುಗ್ಗಿದ್ದರೆ ಅನುಮಾನ ಬಲವಾಗುತ್ತದೆ. ಬೆನ್ನಿನ ಎಕ್ಸ್-ರೇ, ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್, ರಕ್ತದಲ್ಲಿ ಕ್ಯಾಲ್ಸಿಯಂ, ವಿಟಮಿನ್ ಡಿ ಮತ್ತು ಉರಿಯೂತದ ಸುಳಿವು ಕೊಡುವ ಇ.ಎಸ್.ಆರ್. ಇಷ್ಟು ಮಾಡಿಸಿ ಮೂಳೆವೈದ್ಯರಿಗೋ ಫಿಸಿಶಿಯನ್‌ಗೋ ತೋರಿಸಿ, ಇ.ಎಸ್.ಆರ್. ಬಹಳ ಏರಿದ್ದರೆ ಅವರು ಕ್ಷಯ ಮತ್ತು ಮಜ್ಜೆಯ ರೋಗಗಳ ಕಡೆಗೂ ನೋಡುತ್ತಾರೆ. ಆಸ್ತಮಾಗೋ ಸಂಧಿವಾತಕ್ಕೋ ಬಹುಕಾಲ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನು ಮರೆಯದೆ ಹೇಳಿ. ವರದಿಗಳು ಕೈಸೇರುವವರೆಗೆ ಕೈರೋಪ್ರಾಕ್ಟರ್ ಇರಲಿ, ನಾಟಿವೈದ್ಯರಿರಲಿ, ಮಸಾಜ್ ಮಾಡುವವರಿರಲಿ, ಅವರ ಬೆನ್ನಿನ ಮೇಲೆ ಭಾರ ಹಾಕಿ ಒತ್ತಲು ಯಾರಿಗೂ ಬಿಡಬೇಡಿ.